ಉಪ್ಪುನೀರು

ವ್ಯಾನು ಮನೆಮುಂದೆ ಬಂದು ನಿಂತ ದಿನ ಲಾಂಡ್ರಿಯಮ್ಮ ಹೊರಗೆ ಬರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಇಣುಕಿ, "ಇದೇನಾ?" ಅಂದವಳೇ ಮತ್ತೆ ಈರುಳ್ಳಿ ಹೆಚ್ಚತೊಡಗಿದಳು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವಳು ಆಕೆ. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಬೀದಿಗೆಲ್ಲ ಲಾಂಡ್ರಿಯಮ್ಮನೇ. ಗಂಡ ಸೇತುವೆಗಳ ಕಬ್ಬಿಣಕ್ಕೆ ಬಣ್ಣ ಹೊಡೆಯುತ್ತಿದ್ದವನು. ಅವನಿಗೂ ಪೇಂಟರ್ ಎಂಬ ಹೆಸರೇ ಉಳಿದುಕೊಂಡಿತ್ತು. ವ್ಯಾನು ತಂದವಳು ಅವರ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಗಂಡನನ್ನು ಬಿಟ್ಟು, ಐದು ವರ್ಷದ ಮಗುವನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದಿದ್ದಳು. ಕೂದಲು ಕತ್ತರಿಸುವುದು ಅವಳ ಕಸುಬು. ಕೆಲಸಕ್ಕಿದ್ದ ಪಾರ್ಲರ್ ಬಾಗಿಲು ಮುಚ್ಚಿದ ಮೇಲೆ ಮನೆಮನೆಗೆ ಹೋಗಿ ಕತ್ತರಿ ಆಡಿಸುತ್ತಿದ್ದಳು. ಆ ಮಗುವಿಗೆ ಈಗ ಎಂಟು ವರ್ಷ. ಬಾಯಿಗೆ ಬೀಗವಿಲ್ಲದ್ದರಿಂದ ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು.

ವ್ಯಾನು ಹಳೆಯದು. ಹಿಂದೆ ಒಂದರ ಮೇಲೊಂದು ಎರಡು ಮಲಗುವ ಹಲಗೆ, ಒಂದು ಒಲೆ, ಅಂಗೈಯಗಲದ ಸಿಂಕು.

"ರಜೆ ಶುರುವಾದ ದಿನವೇ ಹೊರಡ್ತೀವಿ," ಅಂದಳು ಮಗಳು, ಊಟಕ್ಕೆ ಕೂತಾಗ.

"ಹೊರಡ್ತೀವಿ ಅಂದ್ರೆ ಯಾರ್ಯಾರು?"

"ನಾನು, ಪಟಾಕಿ. ಇನ್ಯಾರಮ್ಮ?"

ಲಾಂಡ್ರಿಯಮ್ಮನ ಕೈಯಲ್ಲಿದ್ದ ಸೌಟು ಅನ್ನದ ಪಾತ್ರೆಯ ಮೇಲೆಯೇ ನಿಂತಿತು. "ಸ್ಕೂಲು?"

"ನನ್ನ ಗೆಳತಿ ಊರಲ್ಲಿ ಸೇರಿಸ್ತೀನಿ. ಅವಳ ಪಾರ್ಲರ್ ಹಿಂದೆ ಜಾಗ ಇದೆ, ವ್ಯಾನು ಅಲ್ಲೇ ಇರತ್ತೆ. ಸುತ್ತಮುತ್ತ ವೃದ್ಧಾಶ್ರಮಗಳಿವೆ, ಹಾಸ್ಟೆಲ್‌ಗಳಿವೆ. ಕೈತುಂಬ ಕೆಲಸ."

"ತಗಡಿನ ಡಬ್ಬದಲ್ಲಿ ಮಗೂನ ಇಟ್ಕೊಂಡು ಸಾಕ್ತೀಯಾ?"

"ನಿನ್ನ ಮಂಚದಲ್ಲಿ ಮೂರು ಜನ ಮಲಗ್ತೀವಲ್ಲ, ಅದಕ್ಕಿಂತ ಜಾಸ್ತಿ ಜಾಗ ಇದೆ ಅಲ್ಲಿ."

"ನಂಗೆ ಮೇಲಿನ ಹಲಗೆ!" ಎಂದು ಕೂಗಿದಳು ಪಟಾಕಿ. "ಅಜ್ಜಿ, ನೀನು ಬಂದ್ರೆ ಕೆಳಗಡೆ ಮಲಗ್ಬೇಕು, ಆಯ್ತಾ?"

ಪೇಂಟರ್ ಸಾರು ಸುರಿದು ಅನ್ನ ಕಲಸುತ್ತಿದ್ದ. ತಲೆಯೆತ್ತಿ, "ಎಂಜಿನ್ ಗಟ್ಟಿಯಾಗಿದೆ. ಮೈಯೆಲ್ಲ ತುಕ್ಕು, ಅಷ್ಟೇ. ತುಕ್ಕಿನ ಚಿಂತೆ ನಂಗೆ ಬಿಡು," ಅಂದ.

ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಅವನಿಗೆ ಅದು ಗೊತ್ತಾಗಲೂ ಇಲ್ಲ.

ಮೊದಮೊದಲು ಪೇಂಟರ್‌ಗೆ ಹತ್ತು ವರ್ಷ ವಯಸ್ಸು ಇಳಿದಂತಿತ್ತು. ಬೆಳಿಗ್ಗೆ ಚಹಾ ಕುಡಿದವನೇ ಹಳೆಯ ಖಾಕಿ ಅಂಗಿ ತೊಟ್ಟು, ವ್ಯಾನಿನಡಿ ಗೋಣಿತಟ್ಟು ಹಾಸಿ ನುಸುಳುತ್ತಿದ್ದ. ಸೀಮೆಸುಣ್ಣದಿಂದ ತುಕ್ಕಿದ್ದಲ್ಲೆಲ್ಲ ಗೋಲ ಬರೆದ. ಬಾಗಿಲ ಹೊಸ್ತಿಲು, ಚಕ್ರದ ಮೇಲಿನ ಕಮಾನು, ಕಿಟಕಿಯ ಕೆಳಮೂಲೆ, ಹಿಂದಿನ ಮೆಟ್ಟಿಲು. ಒಟ್ಟು ಹದಿನೇಳು.

"ಹದಿನೇಳೇ ತಾನೆ?" ಅಂದಳು ಮಗಳು ಗೆಲುವಾಗಿ.

"ಕಂಡಿದ್ದು ಹದಿನೇಳು. ತುಕ್ಕು ಕಳ್ಳ ಇದ್ದ ಹಾಗೆ ಕಣಮ್ಮ, ಮನೆಗೆ ನುಗ್ಗಿದ ಮೇಲೇ ಗೊತ್ತಾಗೋದು."

ಬೆಳಿಗ್ಗೆ ಹೆರೆಯುವುದು, ವೈರ್ ಬ್ರಷ್ಷಿನಿಂದ ತಿಕ್ಕುವುದು, ಕಬ್ಬಿಣ ಬೆಳ್ಳಗಾದ ಮೇಲೆ ನೀರಲ್ಲಿ ತೊಳೆದು ಒಣಗಲು ಬಿಡುವುದು. ಊಟ, ಒಂದು ನಿದ್ದೆ. ಸಂಜೆ ಕೆಂಪು ಪ್ರೈಮರ್, ಬಣ್ಣಕ್ಕೆ ಮುಂಚಿನ ಲೇಪ. ಶಾಲೆಯಿಂದ ಬಂದ ಪಟಾಕಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಳು.

"ಅದೇನು ತಾತ?"

"ಉಪ್ಪುಕಾಗದ."

"ಅದ್ರಲ್ಲಿ ಉಪ್ಪಿದ್ಯಾ?"

"ಉಪ್ಪಿದ್ರೆ ನನ್ನ ಕಥೆ ಮುಗೀತು. ಬರೀ ಮರಳು, ಮುಟ್ಟಿ ನೋಡು."

"ಉಪ್ಪಿದ್ರೆ ಏನಾಗತ್ತೆ?"

"ತುಕ್ಕಿಗೆ ಉಪ್ಪು ಅಂದ್ರೆ ತವರುಮನೆ ಕಣೇ. ಒಂದು ಚಿಟಿಕೆ ಸಿಕ್ಕರೂ ಸಾಕು, ಬಂಧುಬಳಗಾನೆಲ್ಲ ಕರ್ಕೊಂಡು ಬಂದು ಠಿಕಾಣಿ ಹೂಡತ್ತೆ. ಮೇಲೆ ಎಷ್ಟು ಬಣ್ಣ ಬಳಿದ್ರೂ ಅಷ್ಟೇ, ಒಳಗೊಳಗೇ ತಿನ್ನತ್ತೆ."

ಹಗ್ಗಕ್ಕೆ ಬಟ್ಟೆ ಹರವುತ್ತಿದ್ದ ಲಾಂಡ್ರಿಯಮ್ಮ ಅದನ್ನು ಕೇಳಿಸಿಕೊಂಡಳು.

ಮರುದಿನ ಮಧ್ಯಾಹ್ನ ಪೇಂಟರ್ ಗೊರಕೆ ಹೊಡೆಯುತ್ತಿದ್ದ. ಮಗಳು ಕೆಲಸಕ್ಕೆ ಹೋಗಿದ್ದಳು, ಮೊಮ್ಮಗಳು ಶಾಲೆಗೆ. ನೆಲ ಒರೆಸುವ ನೀರಿಗೆ ಇರುವೆ ಬಾರದಿರಲೆಂದು ಒಂದು ಹಿಡಿ ಕಲ್ಲುಪ್ಪು ಹಾಕುವುದು ಲಾಂಡ್ರಿಯಮ್ಮನ ಹಳೆಯ ಅಭ್ಯಾಸ. ಒರೆಸಿ ಮುಗಿಸಿ, ಬಕೆಟ್ ಹಿಡಿದು ಚರಂಡಿಯತ್ತ ಹೊರಟವಳು ವ್ಯಾನಿನ ಹತ್ತಿರ ನಿಂತಳು. ಬೆಳಿಗ್ಗೆ ಹೆರೆದಿಟ್ಟ ಹೊಸ್ತಿಲು ಬಿಸಿಲಿಗೆ ಹೊಳೆಯುತ್ತಿತ್ತು. ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಒಂದು ಬೊಗಸೆ ನೀರೆತ್ತಿ ಹೊಸ್ತಿಲ ಮೇಲೆ ಬಿಟ್ಟಳು. ಉಳಿದದ್ದನ್ನು ಚರಂಡಿಗೆ ಚೆಲ್ಲಿ, ಒಳಗೆ ಬಂದು ಅಕ್ಕಿ ಆರಿಸಲು ಕೂತಳು.

ಬಿಸಿಲಿಗೆ ನೀರು ಆರಿತು. ಸಂಜೆ ಪೇಂಟರ್ ಸಿಳ್ಳೆ ಹಾಕುತ್ತ ಅದರ ಮೇಲೆ ಪ್ರೈಮರ್ ಬಳಿದ.

ಎಂಟನೆಯ ದಿನ ಹೊಸ್ತಿಲ ಬಣ್ಣದಲ್ಲಿ ಗುಳ್ಳೆ ಎದ್ದಿತ್ತು. ಪೇಂಟರ್ ಉಗುರಿನಿಂದ ಒಡೆದು ನೋಡಿದ. ಒಳಗೆ ಕಂದು ಪುಡಿ.

"ಪ್ರೈಮರ್ ಹಳೇದಿರ್ಬೇಕು," ಅಂದ.

ಹೊಸ ಡಬ್ಬ ಬಂತು. ಅಷ್ಟರಲ್ಲಿ ಲಾಂಡ್ರಿಯಮ್ಮ ಬೊಗಸೆ ಬಿಟ್ಟು ಬಾಟಲಿ ಹಿಡಿದಿದ್ದಳು. ಪಾತ್ರೆ ತೊಳೆಯುವ ಸೋಪಿನ ಖಾಲಿ ಬಾಟಲಿ. ಮೂತಿ ಸಣ್ಣದು, ಒತ್ತಿದರೆ ಬೇಕಾದ ಸಂದಿಗೇ ನೀರು. ರಜೆ ಕಳೆದುಹೋದರೆ ಸಾಕಿತ್ತು ಆಕೆಗೆ. ಶಾಲೆ ಮತ್ತೆ ತೆರೆದರೆ ಮಗು ಇನ್ನೊಂದು ವರ್ಷ ಇಲ್ಲೇ. ದಿನವೂ ಮಧ್ಯಾಹ್ನ ಗೊರಕೆ ಶುರುವಾಗುವುದನ್ನು ಕಾಯುವಳು. ಗೊರಕೆ ನಿಂತರೆ ಬಾಟಲಿ ಸೆರಗಿನೊಳಗೆ.

"ಅಮ್ಮ, ಉಪ್ಪು ಮತ್ತೆ ಮುಗಿದಿದ್ಯಲ್ಲ? ಮೊನ್ನೆ ತಾನೆ ಎರಡು ಪ್ಯಾಕೆಟ್ ತಂದಿದ್ದೆ," ಅಂದಳು ಮಗಳು ಒಂದು ದಿನ, ಡಬ್ಬ ಅಲ್ಲಾಡಿಸುತ್ತ.

"ಪಟಾಕಿ ಹೊಸ ಫ್ರಾಕು ಬಣ್ಣ ಬಿಡ್ತಿತ್ತು. ಉಪ್ಪುನೀರಲ್ಲಿ ನೆನೆಹಾಕಿದ್ದೆ."

"ಸರಿ ಬಿಡು, ಬಟ್ಟೆ ವಿಷಯದಲ್ಲಿ ನಿನ್ಹತ್ರ ಯಾರು ವಾದ ಮಾಡ್ತಾರೆ," ಎಂದು ಮಗಳು ನಕ್ಕಳು. ಲಾಂಡ್ರಿಯಮ್ಮನೂ ನಕ್ಕಳು. ಎಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ಆಮೇಲೆ ಬಹಳ ಹೊತ್ತು ಡಬ್ಬವನ್ನೇ ನೋಡುತ್ತ ನಿಂತಳು.

ತಿಂಗಳು ಕಳೆಯುವಷ್ಟರಲ್ಲಿ ಹದಿನೇಳು ಗೋಲ ಇಪ್ಪತ್ತಾರಾಗಿದ್ದವು. ಪೇಂಟರ್ ಒಂದೇ ಜಾಗವನ್ನು ಮೂರು ಮೂರು ಸಲ ಹೆರೆದ. ಸಿಳ್ಳೆ ನಿಂತಿತು. ಧೂಳಿಗೆ ಕೆಮ್ಮು ಹತ್ತಿಕೊಂಡಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ.

"ಏನಂದ್ರು ರೀ?" ಕೇಳಿದಳು ಹೆಂಡತಿ.

"ವಯಸ್ಸಿಗೆ ತಕ್ಕ ಹಾಗಿದೆಯಂತೆ. ಹೊಸ ಕನ್ನಡಕ ಬರೆದುಕೊಟ್ಟಿದ್ದಾರೆ." ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದ, ತುತ್ತು ಮಾತ್ರ ಎತ್ತಲಿಲ್ಲ. "ಕಣ್ಣು ಸರಿ ಇದ್ರೆ ಇನ್ನೇನು ಕೆಟ್ಟಿದೆ ಹಾಗಾದ್ರೆ? ಕೈಯಾ? ನಲವತ್ತು ವರ್ಷ ಇದೇ ಕೈಯಲ್ವೇನೇ?"

"ಊಟ ಮಾಡಿ ಮೊದಲು."

"ಅಪ್ಪ, ಗ್ಯಾರೇಜಿಗೆ ಕೊಟ್ಬಿಡೋಣ," ಅಂದಳು ಮಗಳು ಮೆಲ್ಲಗೆ. "ನಿಂಗೂ ಸುಸ್ತು. ದಿನಾನೂ ಉಳಿದಿಲ್ಲ."

"ಗ್ಯಾರೇಜಿನವರು ಬಂದು ನನ್ನ ಕೆಲಸ ನೋಡಿ ನಗ್ಲಿ ಅಂತಾನಾ?" ಪೇಂಟರ್ ತಟ್ಟೆ ಸರಿಸಿ ಎದ್ದ. ಎಂದೂ ದನಿಯೇರಿಸದವನು ಕೂಗಿದ್ದಕ್ಕೆ ಪಟಾಕಿ ಅಜ್ಜಿಯ ಮಗ್ಗುಲಿಗೆ ಸರಿದಳು.

ಲಾಂಡ್ರಿಯಮ್ಮ ಬಾಟಲಿಯನ್ನು ಪೊರಕೆಯ ಹಿಂದೆ ಬಚ್ಚಿಟ್ಟಳು. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಮಗಳು ಶಾಲೆಯಿಂದ ಒಂದು ಲಕೋಟೆ ತಂದು ಮೇಜಿನ ಮೇಲಿಟ್ಟಳು. ಪಟಾಕಿಯ ವರ್ಗಾವಣೆ ಪತ್ರ. ಪರೀಕ್ಷೆ ಮುಗಿದರೆ ಈ ಶಾಲೆಗೂ ಅವಳಿಗೂ ಸಂಬಂಧವಿಲ್ಲ. ಅಂದು ಮಧ್ಯಾಹ್ನ ಲಾಂಡ್ರಿಯಮ್ಮ ಬಾಟಲಿಯನ್ನಲ್ಲ, ಚೊಂಬನ್ನೇ ತೆಗೆದುಕೊಂಡು ಹೋದಳು. ಹಿಂದಿನ ಬಾಗಿಲ ಹತ್ತಿರ ಮಂಡಿಯೂರಿ ಕಂಡ ಕಂಡ ಸಂದಿಗೆ, ತೂತಿಗೆ ಹುಯ್ದಳು.

ಅದಾದ ಮೇಲೆ ಎರಡು ವಾರ ದಾಟಿ ಒಂದು ಶನಿವಾರ ಹಿಂದಿನ ಚಕ್ರದ ಒಳಮಗ್ಗುಲಲ್ಲಿ ನೆಲ ಒದ್ದೆಯಾಗಿರುವುದು ಆಕೆಯ ಕಣ್ಣಿಗೆ ಬಿತ್ತು. ಅಂಗೈಯಷ್ಟಗಲ. ತಾನು ಹುಯ್ದದ್ದೇ ಎಲ್ಲಿಂದಲೋ ಇಳಿದು ಬರುತ್ತಿದೆ ಅಂದುಕೊಂಡಳು. ಗಂಡ ನೋಡಿದರೆ ಗುಟ್ಟು ಬಯಲು. ಲಗುಬಗೆಯಿಂದ ಬಟ್ಟೆ ತಂದು ಒರೆಸಿದಳು. ನೀರಿನಂತೆ ಹೀರಲಿಲ್ಲ ಅದು. ಬೆರಳಿಗೆ ಎಣ್ಣೆಯಂತೆ ಅಂಟಿತು. ಬಟ್ಟೆಯನ್ನು ಎರಡು ಸಲ ಸೋಪು ಹಾಕಿ ತಿಕ್ಕಿ, ಕೊನೆಗೆ ಕಸದ ಬುಟ್ಟಿಯ ತಳಕ್ಕೆ ತುರುಕಿದಳು.

ಭಾನುವಾರ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ವ್ಯಾನು ಹೊರಟ ಸದ್ದು ಕೇಳಿಸಿತು.

"ಅಪ್ಪ ಚಕ್ರಕ್ಕೆ ಗಾಳಿ ಹಾಕಿಸ್ಕೊಂಡು ಬರ್ತಾರಂತೆ," ಅಂದಳು ಮಗಳು, ಕತ್ತರಿಗಳನ್ನು ಒರೆಸಿಡುತ್ತ.

"ಪಟಾಕಿ ಎಲ್ಲಿ?"

"ಅವಳನ್ನ ಬಿಟ್ಟು ಹೋಗೋಕಾಗತ್ತಾ? ಮುಂದಿನ ಸೀಟಲ್ಲಿ ರಾಣಿ ತರ ಕೂತಿದ್ಲು."

ಲಾಂಡ್ರಿಯಮ್ಮ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬೆರಳಿಗೆ ಅಂಟಿದ್ದ ಆ ಎಣ್ಣೆಯಂಥದ್ದು ಯಾಕೋ ನೆನಪಾಗುತ್ತಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ, ಮೂಲೆಮನೆಯ ಟೈಲರ್ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಲಾಂಡ್ರಿಯಮ್ಮ, ಬೇಗ ಬನ್ನಿ. ಇಳಿಜಾರಲ್ಲಿ ನಿಮ್ಮ ವ್ಯಾನು..."

ಮಾರುಕಟ್ಟೆಗೆ ಇಳಿಯುವ ರಸ್ತೆ ಅದು. ಅರ್ಧ ಇಳಿದಾಗ ಬ್ರೇಕು ತುಳಿದರೆ ಪೆಡಲು ಸೀದಾ ನೆಲಕ್ಕೆ ಹೋಗಿತ್ತು. ಕೆಳಗೆ ಭಾನುವಾರದ ಜನ. ಪೇಂಟರ್ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸಿ, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಮರಳ ರಾಶಿಗೆ ವ್ಯಾನು ಹತ್ತಿಸಿದ್ದ. ಇನ್ನೊಂದು ಕೈ ಮೊಮ್ಮಗಳ ಎದೆಗೆ ಅಡ್ಡ ಚಾಚಿದ್ದ. ಅವನ ಹೆಗಲ ಮೂಳೆ ಮುರಿದಿತ್ತು. ಪಟಾಕಿಯ ಗದ್ದ ಸೀಳಿತ್ತು.

ಆಸ್ಪತ್ರೆಯಲ್ಲಿ ಗದ್ದಕ್ಕೆ ಮೂರು ಹೊಲಿಗೆ ಹಾಕುವಾಗ ಪಟಾಕಿ ಅಜ್ಜಿಯ ಕೈಯನ್ನೇ ಹಿಡಿದುಕೊಂಡಿದ್ದಳು. ಬಾಯಿ ತೆರೆಯಲು ಆಗದೆ, ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದಳು.

ಎರಡು ದಿನದ ಮೇಲೆ ಗ್ಯಾರೇಜಿನ ಮೇಸ್ತ್ರಿ ಒಂದು ತುಂಡು ಪೈಪು ಹಿಡಿದುಕೊಂಡು ಮನೆಗೇ ಬಂದ.

"ಬ್ರೇಕಿನ ಪೈಪು ಇದು. ಕ್ಲಿಪ್ಪಿನ ಕೆಳಗೆ ತುಕ್ಕು ತಿಂದುಹಾಕಿದೆ ನೋಡಿ. ಒಂದೇ ದಿನದಲ್ಲಿ ಒಡೆಯೋದಲ್ಲ, ಮೊದಲು ತೊಟ್ಟಿಕ್ಕಿರತ್ತೆ. ನೆಲದ ಮೇಲೆ ಬ್ರೇಕ್ ಎಣ್ಣೆ ಕಾಣ್ಲಿಲ್ವಾ ಯಜಮಾನ್ರೇ?"

"ದಿನಾ ನೋಡ್ತಿದ್ದೆ," ಅಂದ ಪೇಂಟರ್, ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೋಳು ತೂಗಿಸಿಕೊಂಡು. "ಕಾಣ್ಲಿಲ್ಲ."

"ಈ ಗಾಡಿ ಸಮುದ್ರದ ದಂಡೇಲಿತ್ತಾ? ಆ ತರ ತಿಂದಿದೆ."

"ಇಲ್ಲ." ಪೇಂಟರ್ ಪೈಪನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿದ. "ನಾನು ನೋಡ್ಬೇಕಿತ್ತು. ನಂದೇ ತಪ್ಪು."

ಲಾಂಡ್ರಿಯಮ್ಮ ಮೇಸ್ತ್ರಿಗೆ ಚಹಾ ತಂದಿಟ್ಟಳು. ಯಾರೂ ಆಕೆಯತ್ತ ನೋಡಲಿಲ್ಲ.

ಮಗಳು ಅಪ್ಪನನ್ನು ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಔಷಧಿ ಕೊಟ್ಟಳು, ಅಂಗಿ ತೊಡಿಸಿದಳು, ವ್ಯಾನಿನ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಸೋಮವಾರ ಬೆಳಿಗ್ಗೆ ಪೇಂಟರ್ ಎಂದಿನಂತೆ ಪಟಾಕಿಯನ್ನು ಶಾಲೆಗೆ ಬಿಡಲು ಸಿದ್ಧನಾಗಿ, ಒಂದೇ ಕೈಯಲ್ಲಿ ಹೇಗೋ ಶೂ ಹಾಕಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ.

"ಬೇಡಪ್ಪ," ಅಂದಳು ಮಗಳು. "ನಾನೇ ಬಿಟ್ಟುಬರ್ತೀನಿ. ಇನ್ಮೇಲೆ ಅವಳನ್ನ ಒಬ್ಬನೇ ಎಲ್ಲಿಗೂ ಕರ್ಕೊಂಡು ಹೋಗ್ಬೇಡ."

"ನಡ್ಕೊಂಡು ಹೋಗೋದು ಕಣಮ್ಮ, ಗಾಡಿ ಏನಲ್ಲವಲ್ಲ."

"ರಸ್ತೆ ದಾಟ್ಬೇಕಲ್ಲಪ್ಪ. ನಿಂಗೆ ಕಾಣ್ದೇ ಹೋದ್ರೆ?"

ಪೇಂಟರ್ ಹೂಂ ಅಂದ. ಶೂ ಬಿಚ್ಚದೆ ಹಾಗೇ ಕೂತ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಾಂಡ್ರಿಯಮ್ಮ ಅಂದಳು: "ಅವರ ತಪ್ಪಲ್ಲ. ನಾನು ಹಾಕಿದ್ದು."

"ಏನು ಹಾಕಿದ್ದು?"

"ಉಪ್ಪುನೀರು. ವ್ಯಾನಿಗೆ."

ಮಗಳಿಗೆ ಅರ್ಥವಾಗಲಿಲ್ಲ. ಲಾಂಡ್ರಿಯಮ್ಮ ಎಲ್ಲವನ್ನೂ ಹೇಳಿದಳು. ಬಕೆಟ್ಟು, ಬಾಟಲಿ, ಚೊಂಬು. ಒದ್ದೆ ನೆಲವನ್ನು ಒರೆಸಿದ್ದು, ಆ ಬಟ್ಟೆಯನ್ನು ಕಸದ ತಳಕ್ಕೆ ತುರುಕಿದ್ದು. ದನಿ ಏರಲಿಲ್ಲ, ಅಳುವೂ ಬರಲಿಲ್ಲ; ಒಗೆಯಲು ಬಂದ ಬಟ್ಟೆಯ ಲೆಕ್ಕ ಒಪ್ಪಿಸುವಂತೆ ಒಂದಾದ ಮೇಲೊಂದು.

"ಯಾಕೆ?"

"ನೀವು ಹೋಗ್ಬಾರ್ದು ಅಂತ."

ಅಷ್ಟರಲ್ಲಿ ಶಾಲೆಗೆ ಸಿದ್ಧವಾಗಿ ಒಳಗಿನಿಂದ ಬಂದ ಪಟಾಕಿಯ ಗದ್ದದ ಹೊಲಿಗೆಯನ್ನು ಮಗಳು ನೋಡಿದಳು. ಆಮೇಲೆ ಮಗುವಿನ ಚೀಲ ಹೆಗಲಿಗೇರಿಸಿ, ಅವಳ ಕೈ ಹಿಡಿದು ಹೊರಟಳು. ಬಾಗಿಲನ್ನು ದಡಾರನೆ ಬಡಿಯಲಿಲ್ಲ. ಮೆಲ್ಲಗೆ, ಚಿಲಕದ ಸದ್ದೂ ಆಗದಂತೆ ಎಳೆದುಕೊಂಡಳು. ಲಾಂಡ್ರಿಯಮ್ಮನಿಗೆ ಅದು ಭಯ ಹುಟ್ಟಿಸಿತು.

ಪೇಂಟರ್ ಒಂದೇ ಕೈಯಿಂದ ಶೂ ದಾರ ಬಿಚ್ಚಲು ತಡಕಾಡುತ್ತಿದ್ದ. ಆಕೆ ಹೋಗಿ ಬಗ್ಗಿದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ಎಲ್ಲೆಲ್ಲಿ ಹಾಕಿದೆ?" ಎಂದು ಕೇಳಿದ, ಮುಖ ನೋಡದೆ.

ವ್ಯಾನನ್ನು ಹೊಸ ಬ್ರೇಕ್ ಪೈಪು ಹಾಕಿಸಿ ಮನೆಗೆ ತಂದರು. ಪೇಂಟರ್‌ಗೆ ಬಗ್ಗಲು ಆಗುತ್ತಿರಲಿಲ್ಲ, ಉಳಿದ ತುಕ್ಕು ತೆಗೆಯಲು ಗ್ಯಾರೇಜಿಗೆ ಹೇಳೋಣವೆಂದು ಮಗಳಂದರೆ, "ಎಲ್ಲಿ ಹಾಕಿದ್ದಾಳೆ ಅಂತ ಗೊತ್ತಿರೋಳು ಅವಳು. ಅವಳೇ ತೆಗೀಲಿ," ಅಂದ. ಲಾಂಡ್ರಿಯಮ್ಮ ಸೀರೆ ಎತ್ತಿ ಕಟ್ಟಿ, ಮೇಲೆ ಅವನ ಖಾಕಿ ಅಂಗಿ ತೊಟ್ಟು, ಗೋಣಿತಟ್ಟಿನ ಮೇಲೆ ಅಂಗಾತ ಮಲಗಿ ವ್ಯಾನಿನಡಿ ಸರಿದಳು. ಅವನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತ. ಎರಡು ವಾರ ಗಂಡ ಹೆಂಡತಿಯ ನಡುವೆ ನಡೆದ ಮಾತೆಲ್ಲ ಇಷ್ಟೇ: "ಹೆರಿ. ಇನ್ನೂ ಹೆರಿ. ತೊಳಿ. ಇನ್ನೊಂದ್ಸಲ ತೊಳಿ." ಆಕೆಯ ರೆಪ್ಪೆಯ ಮೇಲೆಲ್ಲ ಕಂದು ಪುಡಿ. ಬಾಯಲ್ಲಿ ಹಗಲಿರುಳು ಕಬ್ಬಿಣದ ರುಚಿ.

ಮಗಳು ಅಡುಗೆ ಮಾಡಿ ಮೇಜಿನ ಮೇಲಿಡುತ್ತಿದ್ದಳು; ಅವಳೂ ಮಗುವೂ ಮೊದಲೇ ಉಂಡು ಏಳುತ್ತಿದ್ದರು. ಪಟಾಕಿಗೆ ಅಮ್ಮನ ಪಕ್ಕ ನಡುಮನೆಯಲ್ಲಿ ಹಾಸಿಗೆ. ಹೊಲಿಗೆ ಬಿಚ್ಚಿದ ದಿನದಿಂದ ಅವಳ ಬಾಯಿ ಮತ್ತೆ ಶುರುವಾಗಿತ್ತು.

"ತಾತನ ಕೆಲಸ ಅಜ್ಜಿ ಯಾಕೆ ಮಾಡ್ತಿದ್ದಾಳೆ?"

"ತಾತಂಗೆ ಕೈ ನೋವಲ್ಲ," ಅಂದಳು ಮಗಳು.

ಕೊನೆಗೆ ರಜೆಯ ಮೊದಲ ದಿನ ಬಂದೇ ಬಂತು. ಬೆಳಿಗ್ಗೆ ಎಂಟಕ್ಕೇ ಚೀಲಗಳು ವ್ಯಾನು ಸೇರಿದವು; ಕತ್ತರಿ ಪೆಟ್ಟಿಗೆ, ಕನ್ನಡಿ, ಪಟಾಕಿಯ ದಿಂಬು. ತುಕ್ಕು ತಡೆಯುವ ಮೇಣವನ್ನು ಕೊನೆಯ ಸಲ ಹಚ್ಚಲು ಲಾಂಡ್ರಿಯಮ್ಮ ಕೆಳಗೆ ಮಲಗಿದ್ದಳು. ಟಾರ್ಚು ಹಿಡಿದು ಹಿಂದಕ್ಕೆ ಸರಿಯುತ್ತ ಹೋದವಳ ಕಣ್ಣಿಗೆ ವ್ಯಾನಿನ ತಳದುದ್ದಕ್ಕೂ ಹೋಗುವ ಟೊಳ್ಳು ಕಬ್ಬಿಣದ ತೊಲೆ ಬಿತ್ತು. ಅದರ ಮಗ್ಗುಲಿಗೆ ಬೆರಳು ಹೋಗುವಷ್ಟು ಮೂರು ತೂತು.

"ಮುಗೀತಾ?" ಮೇಲಿನಿಂದ ಮಗಳ ದನಿ. ಎರಡು ವಾರದಲ್ಲಿ ಅಮ್ಮನ ಜೊತೆ ಆಡಿದ ಮೊದಲ ಮಾತು.

"ಇಲ್ಲ. ಇನ್ನೊಂದಿದೆ. ಈ ತೊಲೆ ಒಳಗೂ ಹುಯ್ದಿದ್ದೆ, ಚೊಂಬಲ್ಲಿ. ಮರ್ತೇಹೋಗಿತ್ತು."

ಮಗಳು, "ಹೊರಡೋ ದಿನಾನೇ ನೆನಪಾಯ್ತಾ?" ಅಂದಳು.

"ನಿಜ ಹೇಳ್ತಿದ್ದೀನಿ ಕಣೇ. ಈಗ ನೋಡಿದ್ಮೇಲೆ..."

"ಸಾಕಮ್ಮ ನಾಟಕ. ಹೊರಗೆ ಬಾ. ಗಾಡಿ ತೆಗೀಬೇಕು."

"ಬರಲ್ಲ."

"ಅಮ್ಮ!"

"ಬೇಕಾದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು. ಇದನ್ನ ಒಡೆದು ನೋಡೋವರೆಗೂ ನಾನು ಇಲ್ಲಿಂದ ಏಳಲ್ಲ."

ಬೀದಿಯಲ್ಲಿ ಹೋಗುತ್ತಿದ್ದ ಟೈಲರ್ ನಿಂತು ನೋಡಿ, ತಲೆ ತಗ್ಗಿಸಿ ಮುಂದೆ ಹೋದ. ಪೇಂಟರ್ ಸ್ಟೂಲಿನಿಂದ ಎದ್ದು, ಸುತ್ತಿಗೆಯನ್ನು ಕಾಲಿನಿಂದ ವ್ಯಾನಿನಡಿ ತಳ್ಳಿದ. "ಹೊಡಿ," ಅಂದ.

ಲಾಂಡ್ರಿಯಮ್ಮ ಹೊಡೆದಳು. ಕಬ್ಬಿಣ ಠಣ್ ಅನ್ನಬೇಕಿತ್ತು, ಬದ್ ಅಂದಿತು. ಇನ್ನೊಂದು ಏಟಿಗೆ ಚಕ್ಕೆಗಳು ಮುಖದ ಮೇಲೆ ಉದುರಿದವು. ಮೂರನೆಯ ಏಟಿಗೆ ಸುತ್ತಿಗೆಯ ತಲೆ ಒಳಗೇ ಹೋಯಿತು. ಎಳೆದರೆ ಕಂದು ನೀರು ಸೋರಿ ಆಕೆಯ ಮಣಿಕಟ್ಟಿನಿಂದ ಅಂಗಿಯ ತೋಳಿನೊಳಗೆ ಇಳಿಯಿತು. ತಣ್ಣಗಿತ್ತು.

ಮಗಳು ಮಂಡಿಯೂರಿ ಬಗ್ಗಿ ನೋಡಿದಳು. ಎರಡು ಹಲಗೆ, ಒಲೆ, ಸಿಂಕು, ಒಳಗೆ ಮಲಗಿ ಏಳಬೇಕಾದವರು, ಎಲ್ಲರ ಭಾರವೂ ಆ ತೊಲೆಯ ಮೇಲೆಯೇ. ಉದುರಿದ ಚಕ್ಕೆಯೊಂದನ್ನು ಎತ್ತಿ ಬೆರಳ ನಡುವೆ ಹಿಸುಕಿದಳು; ಅದು ಪುಡಿಯಾಯಿತು.

"ಇನ್ನೆಲ್ಲಿ?" ಎಂದು ಕೇಳಿದಳು ಕೊನೆಗೆ.

"ಇನ್ನೆಲ್ಲೂ ಇಲ್ಲ. ನಿನ್ನಾಣೆ."

ಮಗಳು ಅಪ್ಪನತ್ತ ನೋಡಿದಳು. ಪೇಂಟರ್ ಹೆಂಡತಿಯತ್ತ ನೋಡಲಿಲ್ಲ. "ಗ್ಯಾರೇಜಿಗೆ ಎಳೆಸ್ಕೊಂಡು ಹೋಗು," ಅಂದ ಮಗಳಿಗೆ. "ಪೂರ್ತಿ ಬಿಚ್ಚಿ ನೋಡ್ಲಿ, ಎಷ್ಟು ದಿನ ಆದ್ರೂ ಆಗ್ಲಿ. ಇವಳ ಮಾತು ನಂಬ್ಕೊಂಡು ಮಗೂನ ಹತ್ತಿಸ್ಬೇಡ."

ಲಾಂಡ್ರಿಯಮ್ಮ ವ್ಯಾನಿನಡಿಯಿಂದ ಹೊರಗೆ ಸರಿದು, ಚಕ್ರ ಹಿಡಿದುಕೊಂಡು ಎದ್ದು ನಿಂತಳು. ಮಗಳು ಚೀಲಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಪಟಾಕಿಗೆ ಖುಷಿಯೋ ಖುಷಿ.

"ಹಾಗಾದ್ರೆ ಇವತ್ತು ಹೋಗಲ್ವಾ? ಅಜ್ಜಿ, ಇವತ್ತು ನಿನ್ನ ಪಕ್ಕಾನೇ ಮಲಗ್ತೀನಿ!" ಎಂದು ದಿಂಬನ್ನು ಎದೆಗವಚಿಕೊಂಡು ಓಡಿಬಂದಳು.

ಲಾಂಡ್ರಿಯಮ್ಮನ ತೋಳು ತಾನಾಗಿಯೇ ಚಾಚಿತು. ಅದು ಮೊಣಕೈವರೆಗೂ ಕಂದಾಗಿತ್ತು. ಮಗು ಇನ್ನೇನು ಕೈಗೆ ಸಿಗಬೇಕು, ಮಗಳು ಚೀಲ ಕೆಳಗಿಟ್ಟು ನಡುವೆ ಬಂದು, ಪಟಾಕಿಯ ಭುಜ ಹಿಡಿದು ನಿಲ್ಲಿಸಿದಳು.

"ಬೇಡ ಪುಟ್ಟ," ಅಂದಳು. "ಒಳಗೆ ನಡಿ."